ಕಡೆಗೆ ಬಂದ ನೋಟು

ಕಾಳ್ಯಾನನ್ನು ಹೆತ್ತ ದಿನವೇ ಅದರ ತಾಯಿ ಕುರಿ ಸತ್ತಿತು. ಆ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಟಗರು ಮಾಡಿದವಳು ನಾನು, ಗುರವ್ವ. ಕಾಳಗದ ಕಣಕ್ಕೆ ಹೆಂಗಸರು ಬರಬಾರದು ಎಂದು ಅಣ್ಣ ಮಾನಪ್ಪ ಹೇಳಿದ. ಹೋದೆ. ನಾನು ಸಾಕಿದ್ದನ್ನು ನಾನು ನೋಡಲು ಯಾರಪ್ಪನ ಅಪ್ಪಣೆ ಬೇಕು?

ಗೊಳಸಂಗಿಯ ಹೊರಗಿನ ಬಯಲಿನಲ್ಲಿ ಝಳಕಿಯ ಟಗರಿನೊಂದಿಗೆ ನಮ್ಮ ಕಾಳ್ಯಾನ ಕಾಳಗ. ಕಾಳಗದ ದಿನ ಟಗರನ್ನು ಮನೆಯ ಯಜಮಾನ ಒಬ್ಬನೇ ಮುಟ್ಟಬೇಕು, ಅವನೇ ಅದನ್ನು ಸಿಂಗರಿಸಬೇಕು. ನಮ್ಮಲ್ಲಿ ಅದು ಪದ್ಧತಿ. ಝಳಕಿಯವರು ಗುಲಾಲು ಎರಚಿದ್ದರು. ನಮ್ಮಣ್ಣ ಎಣ್ಣೆಯಲ್ಲಿ ಭಂಡಾರ ಕಲಸಿ ಕೊಂಬಿನ ಬುಡವೇ ಕಾಣದಷ್ಟು ಮೆತ್ತಿದ್ದ. ಅಣ್ಣನಿಗೆ ದೇವರ ಮೇಲೆ ಎಷ್ಟು ಭಕ್ತಿ ಎಂದು ಆ ಅರಿಶಿನಕ್ಕೆ ದೂರದಿಂದಲೇ ಕೈ ಮುಗಿದೆ.

ಬೇವಿನ ಗಿಡದ ಕೆಳಗೆ ಮುದುಕ ಶಂಕರೆಪ್ಪ ಕುಳಿತಿದ್ದ. ಪೊಲೀಸರು ಕೇಳಿದರೆ ಕುರಿ ವ್ಯಾಪಾರಿ, ಉಳಿದವರಿಗೆ ಬಾಜಿಯ ಭಾವ ಕಟ್ಟುವವನು. ಗೆಲ್ಲುವ ಟಗರಿಗೆ ಲಾಭ ಕಡಿಮೆ, ಸೋಲುವುದಕ್ಕೆ ಹೆಚ್ಚು. ಕಾಳ್ಯಾನ ಮೇಲೆ ನೂರು ಹಚ್ಚಿದರೆ ಮೂವತ್ತು ಲಾಭ ಎಂದು ಬೆಳಗಿನಿಂದ ಕೂಗುತ್ತಿದ್ದ. ಆದರೂ ಜನ ಮೊಬೈಲಿನಲ್ಲಿ ರೊಕ್ಕ ಹಾಕುತ್ತಲೇ ಇದ್ದರು. ನನ್ನ ಎದೆ ಉಬ್ಬಿತ್ತು.

ಇನ್ನೇನು ಹಗ್ಗ ಬಿಚ್ಚಬೇಕು, ಯಾವನೋ ಗುರುತಿಲ್ಲದವನು ಬಂದು ಝಳಕಿಯ ಟಗರಿನ ಮೇಲೆ ನಾಲ್ಕು ನೋಟು ಹಚ್ಚಿ ಹೋದ. ಶಂಕರೆಪ್ಪ ಆ ನೋಟುಗಳನ್ನು ಒಮ್ಮೆ ನೋಡಿದವನೇ ಎದ್ದು ನಿಂತ.

"ಕಾಳ್ಯಾಂದು ಭಾವ ಬದಲಾತ್ರೋ! ನೂರಕ್ಕ ಇನ್ನೂರು ಲಾಭ!"

ಅಬ್ಬಾ! ಅಷ್ಟು ಜನರ ರೊಕ್ಕ ಒಂದು ಕಡೆ, ನಾಲ್ಕು ನೋಟು ಒಂದು ಕಡೆ. ತಕ್ಕಡಿ ನಾಲ್ಕು ನೋಟಿನ ಕಡೆ ವಾಲಿತು. ಮುದುಕನಿಗೆ ಅರಳುಮರಳು ಎಂದು ನಗುತ್ತ ಜನ ಕಾಳ್ಯಾನ ಮೇಲೆ ಮುಗಿಬಿದ್ದರು. ಅವನು ಭಾವ ಇಳಿಸಲಿಲ್ಲ, ಇನ್ನೂ ಏರಿಸಿದ.

ನನ್ನ ಮೈಯೆಲ್ಲ ಉರಿಯಿತು. "ಏನ್ರಿ ಶಂಕರೆಪ್ಪಣ್ಣ, ನನ್ನ ಟಗರಿನ ಮಾನ ಕಳ್ಯಾಕ ಕುಂತೀರೇನು? ಅದರಾಗ ಏನ್ ಕೊರತಿ ಕಂಡೀರಿ?"

"ಟಗರು ನಾ ನೋಡೇ ಇಲ್ಲ ತಂಗಿ. ಮುಂಜಾನಿ ಬರೋ ರೊಕ್ಕ ಅಭಿಮಾನದ್ದು. ಕಡೀಕ ಬರೋ ರೊಕ್ಕಕ್ಕ ಏನರೆ ಗೊತ್ತಿರ್ತೈತಿ. ಎಲ್ಲಾರೂ ಮೊಬೈಲಿನ್ಯಾಗ ಹಾಕ್ಯಾರ, ಇಂವ ಮಾತ್ರ ನೋಟು ತಂದಾನ. ಮೊಬೈಲಿನ್ಯಾಗ ಹೆಸರು ಕಾಣತೈತಲ್ಲ?" ಅಂಗೈ ಬಿಚ್ಚಿ ತೋರಿಸಿದ. "ನೋಡಿಲ್ಲಿ."

ನೋಟಿನ ಮೇಲೆ ಎಣ್ಣೆ ಭಂಡಾರ, ಹೆಬ್ಬೆರಳಿನ ಗುರುತಿನ ಸಮೇತ.

ಕುಳಿತ ಜಾಗದಿಂದ ಏಳದೆ, ಟಗರಿನ ಮುಖ ನೋಡದೆ, ನಮ್ಮ ಮನೆಯ ಗುಟ್ಟು ಓದಿದ್ದನಲ್ಲ ಈ ಪುಣ್ಯಾತ್ಮ! ಮೈ ಜುಮ್ಮೆಂದಿತು. ಅದರ ಹಿಂದೆಯೇ ಹೊಳೆಯಿತು. ಅವತ್ತು ಆ ಬಯಲಿನಲ್ಲಿ ಭಂಡಾರ ಕಲಸಿದ ಕೈ ಒಂದೇ.

ಓಡಿದೆ. ಪದ್ಧತಿ ಹಾಳಾಗಿ ಹೋಗಲಿ ಎಂದು ಕಾಳ್ಯಾನನ್ನು ಹಿಡಿದು ಸೆರಗಿನಿಂದ ಅರಿಶಿನ ಒರೆಸಿದೆ. ಎಡಗೊಂಬಿನ ಬುಡ ಬಿರಿದಿತ್ತು, ರಕ್ತ ಒಸರುತ್ತಿತ್ತು. ಒಂದೇ ಗುದ್ದಿಗೆ ಜೀವ ಹೋಗುತ್ತಿತ್ತು. ಅದು ಮಾತ್ರ ಹಾಲು ತಂದಿದ್ದೇನೆಂದು ನನ್ನ ಬೆರಳು ನೆಕ್ಕಿತು.

"ಕಾಳಗ ಇಲ್ಲ! ನನ್ನ ಟಗರು ಮನಿಗೆ ಹೊಂಟೈತಿ!" ಎಂದು ಕಿರುಚಿದೆ.

"ಹುಚ್ಚಿ, ಮಂದ್ಯಾಗ ನನ್ನ ಮರ್ಯಾದಿ ಕಳೀಬ್ಯಾಡ!" ಅಣ್ಣ ಹಲ್ಲು ಕಡಿದ.

ಶಂಕರೆಪ್ಪ ಎಲ್ಲರ ಬಾಜಿ ಮರಳಿಸಿದ. ಕಡೆಗೆ ಆ ನಾಲ್ಕು ನೋಟು ಹಿಡಿದು ನೇರವಾಗಿ ಅಣ್ಣನ ಮುಂದೆ ಬಂದು ನಿಂತ.

"ಕಾಳಗ ಇಲ್ಲಂದ್ರ ಬಾಜೀನೂ ಇಲ್ಲರಿ. ತಗೋರಿ ಮಾನಪ್ಪ, ಕೈ ಚಾಚ್ರಿ."

ಇಡೀ ಬಯಲು ನೋಡುತ್ತಿತ್ತು. ಅಣ್ಣ ಬೆನ್ನ ಹಿಂದೆ ಕಟ್ಟಿಕೊಂಡ ಕೈ ಮುಂದೆ ತರಲೇ ಇಲ್ಲ.