ಒಂದೇ ಖಾನೆಯ ನಲವತ್ತು ಮಂದಿ

ನಿರೀಕ್ಷಾ ಕೆಲಸಕ್ಕೆ ಸೇರಿದ ದಿನ ಅವಳ ಸಾಲನ್ನು ಕಂಪ್ಯೂಟರಿಗೆ ಏರಿಸಿದವನು ಸೂರ್ಯಕಾಂತನೇ. ನಂಬರು ೧೧೪೩. ಹೆಸರಿಗೊಂದು ಖಾನೆ, ಹುದ್ದೆಗೊಂದು, ಹುಟ್ಟಿದ ದಿನಕ್ಕೊಂದು, ಮನೆಯವರ ಫೋನಿಗೊಂದು. ಕಡೆಗೆ ರಕ್ತದ ಗುಂಪಿಗೂ ಒಂದು! ಇಪ್ಪತ್ತಾರರ ಹುಡುಗಿಯ ರಕ್ತಕ್ಕೂ ಇಲ್ಲಿ ಸ್ವಂತ ಜಾಗವಿದೆಯಲ್ಲ ಎಂದು ಅವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಹುರಿದಂತಾಯಿತು.

ಬಾಲಾನಗರದ ಆ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವನು ಹನ್ನೊಂದು ವರ್ಷದಿಂದ ಗುತ್ತಿಗೆ ಆಪರೇಟರ್. ಸಿಬ್ಬಂದಿಯ ಇಡೀ ಪಟ್ಟಿ ಕಟ್ಟಿದವನು. ಕಾಯಂ ನೌಕರರಿಗೆ ತಲೆಗೊಂದು ಸಾಲು. ಗುತ್ತಿಗೆಯವರಿಗೆ?

"ಅವರಿಗ್ಯಾಕೋ ಸಾಲು?" ಎಂದಿದ್ದರು ಸಿಬ್ಬಂದಿ ವಿಭಾಗದ ಚಂದ್ರಹಾಸ ಸಾಹೇಬರು. "ಸಾಲು ಕೊಟ್ರ ನಂಬರ್ ಕೇಳ್ತಾರ, ನಂಬರ್ ಕೊಟ್ರ ಕ್ಯಾಂಟೀನ್ ಕೇಳ್ತಾರ. ಗುತ್ತಿಗೆದಾರನ ಹೆಸರಿಲೆ ಒಂದ್ ಸಾಲ್ ಮಾಡು, ಒಂದ ಖಾನೆದಾಗ ಎಲ್ಲಾರ್ನೂ ತುಂಬು."

ತುಂಬಿದ. ಸಂತೆಗೆ ಹೊರಟ ಟಂಟಂ ಆಟೋದಲ್ಲಿ ಮಂದಿ ತುಂಬಿದಂತೆ ಒಂದೇ ಖಾನೆಯಲ್ಲಿ ನಲವತ್ತು ಹೆಸರು. ಉಸಿರಾಡಲು ನಡುನಡುವೆ ಒಂದೊಂದು ಕಾಮಾ. ಮೊದಲು ಸೇರಿದ್ದ ಹದಿನೈದು ಹೆಂಗಸರ ಗುರುತು ಹತ್ತಲೆಂದು ಗಂಡಂದಿರ ಹೆಸರನ್ನೂ ಜೋಡಿಸಿದ್ದ: 'ಸೂಗಮ್ಮ, ಗಂಡ ಬಂಡೆಪ್ಪ'. ಅಲ್ಲೂ ಒಂದು ಕಾಮಾ. ಅದು ಅವನೊಬ್ಬನಿಗೇ ಗೊತ್ತು.

ಈಗ ಗುತ್ತಿಗೆಯವರಿಗೂ ತಲೆಗೊಂದು ಗೇಟ್ ಕಾರ್ಡ್ ಕೊಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಆ ಕೆಲಸ ಹೋದದ್ದು ನಿರೀಕ್ಷಾಳಿಗೆ. ದಿಲ್‌ಸುಖ್‌ನಗರದಲ್ಲಿ ಸ್ವಂತ ಮನೆ, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತನಾದ ಅಪ್ಪ, ಆಫೀಸಿನಲ್ಲಿ ಕೂರಲು ತಿರುಗುವ ಕುರ್ಚಿ. ಸಾಹೇಬರು ಅವಳನ್ನು 'ನಿರೀಕ್ಷಾ ಅವರೇ' ಎನ್ನುತ್ತಿದ್ದರು. ಇವನನ್ನು 'ಏ ಆಪರೇಟರ್'. ಹನ್ನೊಂದು ವರ್ಷದಲ್ಲಿ ಆ ಬಾಯಿಂದ ಇವನ ಹೆಸರು ಒಮ್ಮೆಯಾದರೂ ಹೊರಟಿದ್ದರೆ ಕೇಳಿ.

ಶನಿವಾರ ಅವಳೇ ಇವನ ಬಳಿ ಬಂದಳು.

"ಅಣ್ಣಾ, ಇದನ್ನ ಕಟ್ಟಿದವರು ನೀವು. ಕಾಮಾ ಇದ್ದಲ್ಲಿ ಒಡದ್ರ ಒಬ್ಬೊಬ್ಬರು ಬ್ಯಾರೆ ಆಗ್ತಾರಲ್ರೀ? ಮತ್ತೇನರ ನೋಡಬೇಕೇನು?"

ಬಾಯಿ ತೆರೆದರೆ ಸಾಕಿತ್ತು. ಆದರೆ ನಾಲಗೆಯ ಮೇಲೆ ಆ ತಿರುಗುವ ಕುರ್ಚಿ ಬಂದು ಕೂತುಬಿಟ್ಟಿತು.

"ಏನಿಲ್ರಿ ಮೇಡಂ. ಒಡೀರಿ," ಎಂದ. ಭಾನುವಾರವಿಡೀ, ಸಾಹೇಬರು ಅವಳನ್ನು ಬಯ್ಯುವ ಮಾತುಗಳನ್ನು ಮನಸ್ಸಿನಲ್ಲೇ ರುಚಿ ನೋಡಿದ.

ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಬ್ಬಕ್ಕೆ ಬಂದವನಂತೆ ಬಂದ. ಗೇಟಿನಲ್ಲಿ ಗದ್ದಲ. ಗುತ್ತಿಗೆದಾರನಿಗೆ ನಲವತ್ತೇ ಕಾರ್ಡು ಮಂಜೂರು. ಕಾಮಾ ಒಡೆದಾಗ ಗಂಡಂದಿರೆಲ್ಲ ಬೇರೆ ನೌಕರರಾಗಿ ಎದ್ದು ಹದಿನೈದು ಕಾರ್ಡು ನುಂಗಿದ್ದರು. ಪಟ್ಟಿಯ ಕೊನೆಯ ಹದಿನೈದು ಹೆಸರಿಗೆ ಕಾರ್ಡಿಲ್ಲ, ಆ ಮಂದಿ ಬಿಸಿಲಿನಲ್ಲಿ ಹೊರಗೆ.

ಅವರನ್ನು ದಾಟಿ ಸೂರ್ಯಕಾಂತ ಒಳಗೆ ಕಾಲಿಡಹೋದ. ಕಾವಲುಗಾರ ಸಾಯಿಕುಮಾರ ಪಟ್ಟಿ ನೋಡಿ ಕೈ ಅಡ್ಡ ಹಿಡಿದು ತೆಲುಗಿನಲ್ಲಿ ಹೇಳಿದ.

"ನೀ ಪೇರು ಲೇದನ್ನಾ."

"ನಂದಾ? ನಾ ಆಫೀಸಿನವ!"

ಹೆಸರಿರಲಿಲ್ಲ. ಅದೇ ಖಾನೆಯ ಕಟ್ಟಕಡೆಗೆ, ನಲವತ್ತನೆಯದಾಗಿ, ತನ್ನ ಹೆಸರನ್ನು ತಾನೇ ಟೈಪ್ ಮಾಡಿದ್ದು ಆಗ ನೆನಪಾಯಿತು. ಫ್ಯಾನಿನ ಕೆಳಗೆ ಕೂತು ಕೂತು ಅವನು ತನ್ನನ್ನು ಆ ಮಂದಿಯ ಲೆಕ್ಕದಲ್ಲಿ ಹಿಡಿಯುವುದನ್ನೇ ಬಿಟ್ಟಿದ್ದ.

ಆಸಿಡ್ ತೊಟ್ಟಿ ತೊಳೆಯುವ ಸೂಗಮ್ಮ ಎರಡು ಕಾರ್ಡು ಹಿಡಿದು ನಿಂತಿದ್ದಳು. ಒಂದು ಅವಳದು. ಇನ್ನೊಂದರ ಮೇಲೆ 'ಗಂಡ ಬಂಡೆಪ್ಪ'. ಮೂರು ವರ್ಷದ ಹಿಂದೆ ಇದೇ ಕಾರ್ಖಾನೆಗೆ ದಿನಗೂಲಿಗೆ ಬಂದು ಆಸಿಡ್ ಹೊಗೆ ಕುಡಿದು ಸತ್ತವನು. ಅವಳು ಪರಿಹಾರ ಕೇಳಹೋದಾಗ 'ಅಂಥ ನೌಕರನೇ ಇಲ್ಲ' ಎಂದು ಕಳಿಸಿದ್ದರು.

"ಇದ್ದಾಗ ನಂಬರ್ ಕೊಡ್ಲಿಲ್ಲ, ಸತ್ತಮ್ಯಾಲ ಕೊಟ್ಟಾರ ನೋಡಪಾ," ಎಂದಳು. ಆ ಕಾರ್ಡನ್ನು ಸೂರ್ಯಕಾಂತನ ಎದುರು ಹಿಡಿದಳು. "ತಗೋ ತಮ್ಮಾ. ನಿನಗ ಒಳಗ ಹೋಗೂ ಅವಸರ ಭಾಳ ಐತಿ. ಸತ್ತವನ ಹೆಸರಿಲೆ ಹೋಗು."

ಅಷ್ಟರಲ್ಲಿ ನಿರೀಕ್ಷಾ ಲ್ಯಾಪ್‌ಟಾಪ್ ಅವಚಿಕೊಂಡು ಓಡಿಬಂದಳು. ಕಣ್ಣುಗಳು ಕೆಂಪಾಗಿದ್ದವು. ಹಿಂದೆಯೇ ಸಾಹೇಬರು. ಸೂರ್ಯಕಾಂತ ನಿನ್ನೆಯಿಡೀ ಚಪ್ಪರಿಸಿದ್ದ ಬೈಗುಳಗಳೆಲ್ಲ ಅವಳ ಮೇಲೆ ಬೀಳುತ್ತಿದ್ದವು. ಯಾವುದೂ ಸಿಹಿಯಾಗಿರಲಿಲ್ಲ.

"ಅಕಿದು ತಪ್ಪಿಲ್ರಿ," ಎಂದ. "ಗಂಡಂದಿರ ಹೆಸರಿನ ಕಾಮಾ ನನಗ ಗೊತ್ತಿತ್ತು. ಕೇಳಿದ್ರು, ನಾ ಹೇಳಲಿಲ್ಲ."

ಒಬ್ಬ ಮುದುಕ ಅವನ ಕಾಲಬುಡಕ್ಕೆ ಥೂ ಎಂದು ಉಗುಳಿದ.

ಸಾಹೇಬರು ಗಡಿಯಾರ ನೋಡಿಕೊಂಡರು. "ಅದೆಲ್ಲ ಆಮ್ಯಾಲ. ಏ ಆಪರೇಟರ್, ನಿನ್ನ ಒಬ್ಬನ್ನ ಬಿಡ್ತೀನಿ, ಲಗೂನ ಒಳಗ ಬಂದು ಸರಿ ಮಾಡು."

ಗೇಟು ಒಬ್ಬನಿಗಾಗುವಷ್ಟು ತೆರೆಯಿತು. ಹನ್ನೊಂದು ವರ್ಷ ಅವನು ಕಾದದ್ದು ಇಂಥದೇ ಒಂದು ಸಂದಿಗೆ.

"ಹದಿನೈದು ಮಂದಿ ಅದೀವ್ರಿ," ಎಂದ. "ತಲೆಗೊಂದು ಸಾಲು, ನಂಬರು. ಆಗೂತನಕ ನಾ ಬರಂಗಿಲ್ಲ."

ಸೂಗಮ್ಮ ಗೇಟಿನ ಎದುರೇ ಕೂತಳು. ಕಾರ್ಡಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಹೊರಗೆ ಬಂದು ಕೂತರು. ಹತ್ತು ಗಂಟೆಯಾದರೂ ತೊಟ್ಟಿಗಳು ತೊಳೆಯದೆ ನಾರುತ್ತಿದ್ದಾಗ ಸಾಹೇಬರು "ಏನರ ಮಾಡ್ಕೊಳ್ರಿ" ಎಂದು ಒಳಗೆ ನಡೆದರು.

ನಿರೀಕ್ಷಾ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡಳು. "ಗಂಡನ ಹೆಸರು ಬ್ಯಾಡವ್ವಾ, ನಂದಷ್ಟ ಬರಿ," ಎಂದಳು ಸೂಗಮ್ಮ. ಕೊನೆಗೆ ಸೂರ್ಯಕಾಂತನ ಸರದಿ. ನಿರೀಕ್ಷಾ ಅವನ ಮುಖ ನೋಡಲಿಲ್ಲ.

"ಹೆಸರು ಗೊತ್ತೈತಿ. ರಕ್ತದ ಗುಂಪು?"

ಅವನಿಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಹೊಟ್ಟಿಕಿಚ್ಚಿಂದು ಯಾವ ಗುಂಪು ಐತೋ ಅದನ್ನ ಬರ್ಕೋ ಅವ್ವಾ," ಎಂದಳು ಸೂಗಮ್ಮ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಿರೀಕ್ಷಾ ನಗಲಿಲ್ಲ, ಆ ಖಾನೆಯನ್ನು ಖಾಲಿ ಬಿಟ್ಟು, "ನಾಳೆ ತಪಾಸ್ ಮಾಡಿಸ್ಕೊಂಡು ಬರ್ರಿ," ಎಂದಳು.