ಅಲ್ಲಾಡದ ಕುರ್ಚಿಗಳ ವರದಿ

ಸಚಿವಾಲಯದ ನೆಲಮಾಳಿಗೆಯಲ್ಲಿ ಕುರ್ಚಿ ಮೇಜುಗಳನ್ನು ದುರಸ್ತಿ ಮಾಡುವ ಒಂದು ಕೊಠಡಿ ಇದೆ. ಅದರ ಮೇಸ್ತ್ರಿ ನಾನು. ಮೂವತ್ತೊಂದು ವರ್ಷದಿಂದ ಅಲ್ಲಿ ಉಳಿ ಹಿಡಿದವಳು. ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಮೆಣಸಿನಕಾಯಿ ಎನ್ನುತ್ತಾರೆ. ಅನ್ನಲಿ. ನನ್ನ ಕೈ ಬಿದ್ದ ಕುರ್ಚಿ ಮತ್ತೆ ಕಿರ್ ಎಂದದ್ದನ್ನು ಯಾರಾದರೂ ಕೇಳಿದ್ದರೆ ಎದುರಿಗೆ ಬಂದು ಹೇಳಲಿ.

ಏಳೆಂಟು ತಿಂಗಳ ಹಿಂದೆ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ದೇಶದ ಎಲ್ಲ ಯೋಜನೆಗಳಿಗೂ ಸುಸ್ಥಿರತೆಯೇ ಮೂಲಮಂತ್ರವಂತೆ. ಪ್ರತಿಯೊಂದು ವಿಭಾಗವೂ ತನ್ನ ಸುಸ್ಥಿರತೆಯ ವರದಿಯನ್ನು ಹದಿನೈದು ದಿನದೊಳಗೆ ಕೊಡಬೇಕು. ವರದಿ ಒಪ್ಪಿಗೆಯಾಗದ ವಿಭಾಗವನ್ನು ಮುಚ್ಚಲಾಗುವುದು. ನಮ್ಮ ವಿಭಾಗ ಎಂದರೆ ಇಬ್ಬರೇ, ನಾನು ಮತ್ತು ನನ್ನ ಭಾವ. ಬೆತ್ತ ಹೆಣೆಯುವುದು, ಪಾಲಿಶ್ ಹಾಕುವುದು ಭಾವನ ಕೆಲಸ. ಸುತ್ತೋಲೆಯನ್ನು ಅವರು ಎರಡೆರಡು ಸಲ ಓದಿದರು.

"ಸುಸ್ಥಿರತೆ ಅಂದ್ರೆ ಏನು?" ಎಂದು ಕೇಳಿದರು.

"ಸ್ಥಿರ ಅಂದ್ರೆ ಅಲ್ಲಾಡದೆ ಇರೋದು. ಸು ಅಂದ್ರೆ ಚೆನ್ನಾಗಿ. ಚೆನ್ನಾಗಿ ಅಲ್ಲಾಡದೆ ಇರೋದು. ಇಷ್ಟೂ ಗೊತ್ತಾಗಲ್ವಾ ನಿಮಗೆ?"

ಭಾವ ಹೌದೆಂದು ತಲೆಯಾಡಿಸಿದರು. ಜನ್ಮವಿಡೀ ಕುರ್ಚಿಯ ಕಾಲು ನೋಡಿಕೊಂಡೇ ಬದುಕಿದವರಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ?

ಮರುದಿನದಿಂದಲೇ ಐದು ಮಹಡಿಯನ್ನೂ ಜಾಲಾಡಿದೆವು. ಅಧಿಕಾರಿಗಳನ್ನು ಎಬ್ಬಿಸಿ, ಒಂದೊಂದು ಕುರ್ಚಿಯ ಮೇಲೂ ನಾನೇ ಕೂತು, ಹಿಂದೆ ಮುಂದೆ ಒಲೆದು ನೋಡಿದೆ. ಮೂರನೇ ಮಹಡಿಯ ಗುಮಾಸ್ತರೊಬ್ಬರು ತಮ್ಮ ಕುರ್ಚಿ ಸರಿಯಾಗಿಯೇ ಇದೆ, ನೆಲವೇ ಸಮ ಇಲ್ಲ ಎಂದು ಹಟ ಹಿಡಿದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಭಾವ ಗೊಣಗಿದ್ದು ಅವರಿಗೂ ಕೇಳಿಸಿತು. ನಾವು ಮಾತ್ರ ಏನನ್ನೂ ಕಿವಿಗೆ ಹಾಕಿಕೊಳ್ಳದೆ ಬರೆದುಕೊಂಡೆವು: ಒಟ್ಟು ಕುರ್ಚಿ ೧೧೪೦. ಚೆನ್ನಾಗಿ ಅಲ್ಲಾಡದೆ ಇರುವವು ೧೦೮೨. ಅಲ್ಲಾಡುವವು ೫೮, ಎಲ್ಲವೂ ದುರಸ್ತಿಯಾಗತಕ್ಕವು. ಮೂವತ್ತೊಂದು ವರ್ಷದಲ್ಲಿ ಕೈಬಿಟ್ಟದ್ದು ೯. ಆ ಒಂಬತ್ತರ ಮರ ಬೇರೆ ಕುರ್ಚಿಗಳಿಗೆ ಕಾಲಾಗಿದೆ.

ತಿಂಗಳ ಕೊನೆಗೆ ಎಲ್ಲ ವಿಭಾಗದವರನ್ನೂ ದೊಡ್ಡ ಸಭಾಂಗಣಕ್ಕೆ ಕರೆದರು. ಟೈ ಕಟ್ಟಿದ ಯೋಜನಾಧಿಕಾರಿ ನಮ್ಮ ವರದಿಯನ್ನು ಜೋರಾಗಿ ಓದಿದ. ಸಭೆಗೆ ಸಭೆಯೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

"ಮೇಸ್ತ್ರಿಯಮ್ಮ, ಸುಸ್ಥಿರತೆ ಅಂದ್ರೆ ಕುರ್ಚಿ ಅಲ್ಲಾಡದೆ ಇರೋದಲ್ಲ. ಕಾಡು, ನೀರು, ಗಾಳಿ, ಮುಂದಿನ ಪೀಳಿಗೆ... ಅದು ದೇಶದ ವಿಚಾರ."

ನಾಚಿಕೆಯಿಂದ ಮುಖ ಸುಟ್ಟುಹೋಯಿತು. ನನ್ನ ದಡ್ಡತನದಿಂದ ಭಾವನ ಅನ್ನಕ್ಕೂ ಕಲ್ಲು ಬಿತ್ತಲ್ಲ ಎಂದು ಸಂಕಟವಾಯಿತು. ಅದರ ಹಿಂದೆಯೇ ಎಂದಿನಂತೆ ಸಿಟ್ಟು ಬಂತು.

"ಗೊತ್ತಿಲ್ದೆ ಬರೆದೆ, ಒಪ್ಕೋತೀನಿ. ಆದ್ರೆ ಕುರ್ಚಿ ಯಾಕೆ ಅಲ್ಲಾಡಬಾರದು ಹೇಳಿ ನೋಡೋಣ. ನಾನು ಬೀಳದೆ ಇದ್ರೆ ಸಾಲ್ದು. ನಾನು ಎದ್ದು ಹೋದ್ಮೇಲೆ ಕೂತ್ಕೊಳ್ಳೋರೂ ಬೀಳಬಾರದು. ನಿಮ್ಮ ಕಾಡು ನೀರಿಗೆ ಬೇರೆ ನ್ಯಾಯ ಇದ್ಯಾ?"

ನಗು ನಿಂತಿತು. ಯೋಜನಾ ಮಂಡಳಿಯ ಅಧ್ಯಕ್ಷೆ, ಸಣಕಲು ದೇಹದ ಹಿರಿಯ ಹೆಂಗಸು, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅರವತ್ತು ವರದಿ ಓದಿದೀನಿ. ನಾವು ಏನೇನು ಎಸೆದ್ವಿ ಅಂತ ಬರೆದಿರೋರು ಇವರೊಬ್ರೇ," ಎಂದರು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅವರೇ ಕೇಳಿದರು: "ನಿಮಗೆ ನಿವೃತ್ತಿ ಯಾವಾಗ?"

"ಇನ್ನೆರಡು ವರ್ಷ. ಭಾವನಿಗೆ ಒಂದೇ."

"ನೀವಿಬ್ರೂ ಎದ್ದು ಹೋದ್ಮೇಲೆ ಇವನ್ನೆಲ್ಲ ಯಾರು ನೋಡ್ಕೋತಾರೆ?"

ಕಲಿಯಲು ಬಂದ ನಾಲ್ವರನ್ನು ಬೈದು ಓಡಿಸಿದವಳು ನಾನೇ. ಅವರಿಗೆ ಕೈಗುಣವಿಲ್ಲ ಎಂದು ಊರೆಲ್ಲ ಹೇಳಿಕೊಂಡಿದ್ದೆ. ನಿಜ ಬೇರೆ ಇತ್ತು. ಅವರಲ್ಲಿ ಒಬ್ಬಳ ಕೈ ನನ್ನದಕ್ಕಿಂತ ನಯವಾಗಿತ್ತು, ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಯಾರೂ ಇಲ್ಲ," ಎಂದೆ.

"ಹಾಗಾದ್ರೆ ನಿಮ್ಮ ವಿಭಾಗವೇ ಅಲ್ಲಾಡ್ತಿದೆ."

ನನ್ನದೇ ಮಾತು ನನಗೇ ತಿರುಗಿತ್ತು. "ಆರು ತಿಂಗಳು ಟೈಮ್ ಕೊಡಿ, ಕಲಿಸ್ತೀನಿ," ಎಂದೆ.

"ಕೊಟ್ಟೆ. ನಾನೇ ಬಂದು ನೋಡ್ತೀನಿ. ಕಲಿತೋರು ಯಾರೂ ಇಲ್ದಿದ್ರೆ ಬಾಗಿಲು ಹಾಕಿಸ್ತೀನಿ."

ಮೂವರು ಬಂದರು, ಇಬ್ಬರು ನಿಂತರು. ನಿಂತವರಲ್ಲಿ ಒಬ್ಬಳು ದಾಖಲೆ ಕೋಣೆಯಲ್ಲಿ ಕಡತ ಹೊರುತ್ತಿದ್ದವಳು, ನಲವತ್ತರ ಆಸುಪಾಸು. ಮೊದಲ ವಾರದಲ್ಲೇ ಕುರ್ಚಿಯ ಮೂರು ಕಾಲು ಸೀಳಿದಳು. ನಾನು ಬೈದೆ, ಮತ್ತೆ ಬೈದೆ. ಅವಳು ಉಳಿ ಕೆಳಗಿಟ್ಟು, "ನಿಮ್ಮ ಬಾಯಿ ನಿಂತ್ರೆ ನನ್ನ ಕೈ ಓಡುತ್ತೆ," ಎಂದಳು. ಭಾವ ಮುಖ ತಿರುಗಿಸಿಕೊಂಡು ನಕ್ಕರು. ಅಂದಿನಿಂದ ಬಾಯಿ ಮುಚ್ಚಿಕೊಂಡು ಅವಳ ಪಕ್ಕ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಆರು ತಿಂಗಳಿಗೆ ಸರಿಯಾಗಿ ಅಧ್ಯಕ್ಷೆ ಕೆಳಗಿಳಿದು ಬಂದರು. ಹಿಂದಿನ ವಾರ ತಮ್ಮದೇ ಕುರ್ಚಿಯನ್ನು ದುರಸ್ತಿಗೆ ಕಳಿಸಿದ್ದರು. ಹಿಂಗಾಲು ಮುರಿದಿತ್ತು, ತೋಳು ಕೈಗೆ ಬಂದಿತ್ತು. ಈಗ ಅದರಲ್ಲಿ ಕೂತು ಬೆನ್ನು ಚಾಚಿದರು, ಆ ಕಡೆ ಈ ಕಡೆ ವಾಲಿದರು, ಮರದ ಜೋಡಣೆಯ ಮೇಲೆ ಉಗುರಾಡಿಸಿ ನೋಡಿದರು. ಕುರ್ಚಿ ಮಿಸುಕಲಿಲ್ಲ.

"ಅಚ್ಚುಕಟ್ಟಾಗಿದೆ. ನೀವೇ ಮಾಡಿದ್ದು ತಾನೆ?"

ಮೂವತ್ತೊಂದು ವರ್ಷ ಈ ಪ್ರಶ್ನೆಗೆ ಕತ್ತು ನಿಗುರಿಸಿ "ಮತ್ತಿನ್ಯಾರು?" ಎಂದವಳು ನಾನು. ಕಡತದವಳು ಕೈಯಲ್ಲಿ ಉಳಿ ಹಿಡಿದೇ ನನ್ನ ಹಿಂದೆ ನಿಂತಿದ್ದಳು.

"ಅಲ್ಲ," ಎಂದೆ, ಐದೂ ಮಹಡಿಗೆ ಕೇಳಿಸುವಂತೆ.