ನಾಲ್ಕು ಬೆರಳು ಬಟ್ಟೆ

ಮಕ್ಕಳ ಬಟ್ಟೆ ಹೊಲಿಯುವವರಿಗೆ ಒಂದು ಪದ್ಧತಿಯಿದೆ. ಫ್ರಾಕಿನ ಕೆಳಗೆ ನಾಲ್ಕು ಬೆರಳು ಬಟ್ಟೆಯನ್ನು ಒಳಕ್ಕೆ ಮಡಿಸಿ ಹೊಲಿಯುತ್ತೇವೆ. ಮಗು ಎತ್ತರವಾದ ಹಾಗೆ ಹೊಲಿಗೆ ಬಿಚ್ಚಿ ಇಳಿಸಬಹುದು. ಸರ್ಕಾರ ಬಾಲಮಂದಿರದ ಮಗುವಿಗೆ ವರ್ಷಕ್ಕೆ ಎರಡೇ ಜೊತೆ ಬಟ್ಟೆ ಕೊಡುತ್ತದೆ; ಮಗು ಮಾತ್ರ ಸರ್ಕಾರವನ್ನು ಕೇಳಿ ಬೆಳೆಯುವುದಿಲ್ಲ. ಆ ಬಟ್ಟೆ ಹೊಲಿಯುವವಳು ನಾನು. ಬಾಲಮಂದಿರದ ಹಿಂದಿನ ಕೋಣೆಯಲ್ಲೇ ನನ್ನ ಮಷೀನು.

ಒಂದು ಬೆಳಿಗ್ಗೆ ವಾರ್ಡನಮ್ಮ ಒಳಗೆ ಬಂದು ಬಾಗಿಲು ಹಾಕಿದರು. ಹಿಂದಿನ ದಿನ ಒಬ್ಬ ಹುಡುಗಿಯನ್ನು ಅವಳ ಸೋದರಮಾವ ಮನೆಗೆ ಕರೆದುಕೊಂಡು ಹೋಗಿದ್ದ. ಸಂತೋಷದ ಸುದ್ದಿಯೇ. ಆದರೆ ಉಳಿದವರು ಹತ್ತೊಂಬತ್ತು ಮಂದಿ. ಇಪ್ಪತ್ತಕ್ಕಿಂತ ಕಡಿಮೆಯಾದರೆ ಅನುದಾನ ನಿಲ್ಲುತ್ತದೆ, ಮಕ್ಕಳನ್ನು ಜಾಗವಿದ್ದ ಕಡೆಗೆಲ್ಲ ಹಂಚುತ್ತಾರೆ.

“ನಾಳೆ ಎಣಿಕೆ ಸಾಹೇಬ ಬರ್ತಾನೆ,” ಎಂದರು. ತಪಾಸಣೆಯ ಅಧಿಕಾರಿಗೆ ನಾವಿಟ್ಟ ಹೆಸರು ಅದು. “ಇಪ್ಪತ್ತನೇದಕ್ಕೂ ಒಂದು ಫ್ರಾಕ್ ಹೊಲಿ. ಮೊಳೆಗೆ ತೂಗುಹಾಕಿ, ಮಗು ಆಸ್ಪತ್ರೇಲಿದೆ ಅಂತೀನಿ.”

“ಅಳತೆ?”

“ಇಲ್ಲದ ಮಗೂಗೆ ಎಂಥ ಅಳತೆ, ನಿನ್ನ ತಲೆ! ರಿಜಿಸ್ಟರಲ್ಲಿ ಏಳು ವರ್ಷ ಅಂತ ಬರ್ದಿದೀನಿ. ಹತ್ತರ ಜೊತೆ ಹನ್ನೊಂದು ಅಂತ ಕತ್ತರಿಸು.”

ಸುಳ್ಳಿಗೆ ಕತ್ತರಿ ಹಿಡಿಯುವವಳಲ್ಲ ನಾನು. ಆದರೆ ಆ ಹತ್ತೊಂಬತ್ತರಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕನ ಜಡೆಯ ತುದಿ ಕೈಯಲ್ಲಿಲ್ಲದೆ ತಂಗಿಗೆ ನಿದ್ದೆ ಬಾರದು. ನಾನೂ ಇಂಥದೇ ಒಂದು ಮಂದಿರದಲ್ಲಿ ಬೆಳೆದವಳು. ತಲೆ ಕಡಿಮೆಯಾಯಿತೆಂದು ಅದನ್ನು ಮುಚ್ಚಿದ ದಿನ ಅಂಗಳಕ್ಕೆ ಎರಡು ವ್ಯಾನು ಬಂದವು. ಒಂದಕ್ಕೆ ನನ್ನನ್ನು ಹತ್ತಿಸಿದರು, ಇನ್ನೊಂದಕ್ಕೆ ನನ್ನ ತಂಗಿಯನ್ನು. ಅವಳಿಗೆ ಏಳು ವರ್ಷ. ದೊಡ್ಡವಳಾದ ಮೇಲೆ ಹುಡುಕಿಕೊಂಡು ಹೋದೆ. ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಯಿತೇ ಹೊರತು ಅವಳ ಕಡತ ಸಿಗಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ.

ಟೇಪು ಕುತ್ತಿಗೆಯಲ್ಲೇ ಇತ್ತು, ಕೈ ತಾನೇ ಕತ್ತರಿಸಿತು. ಹೊಲಿದು ಮುಗಿಸಿ ಅಳೆದರೆ ಉದ್ದ ಇಪ್ಪತ್ತೈದು ಇಂಚು. ಅದು ನನ್ನ ತಂಗಿಯ ಅಳತೆ. ಕೆಳಗೆ ಮಡಿಸಲು ಬಟ್ಟೆ ಮಾತ್ರ ಬಿಟ್ಟಿರಲಿಲ್ಲ. ಇಲ್ಲದ ಮಗು ಬೆಳೆಯುವುದುಂಟೇ?

ಮರುದಿನ ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ನಿಂತು ತಮ್ಮ ತಮ್ಮ ಸಂಖ್ಯೆ ಕೂಗಿದರು. ಸಾಹೇಬ ತಲೆಯೆತ್ತದೆ ಗುರುತು ಹಾಕುತ್ತಿದ್ದ. ಹತ್ತೊಂಬತ್ತಾಯಿತು. ವಾರ್ಡನಮ್ಮ ಆಸ್ಪತ್ರೆಯ ಕಥೆ ಹೇಳಲು ಬಾಯಿ ತೆರೆದರು.

“ಇಪ್ಪತ್ತು,” ಎಂದಿತು ಸಾಲಿನ ಕೊನೆಯಿಂದ ಒಂದು ದನಿ.

ಸಾಹೇಬ ಸಹಿ ಹಾಕಿ ಹೊರಟ. ವಾರ್ಡನಮ್ಮನ ಬಾಯಿ ತೆರೆದೇ ಇತ್ತು. ನಾನು ಸಾಲನ್ನು ಎಣಿಸಿದೆ: ಹತ್ತೊಂಬತ್ತು. ಕೂಗಿದ್ದು ಯಾರೆಂದು ಗದರಿದರೆ, ಮಕ್ಕಳೆಲ್ಲ ಸಾಲಿನ ಕೊನೆಯ ಖಾಲಿ ಜಾಗದ ಕಡೆ ನೋಡಿದರು. ಮೊಳೆಯಲ್ಲಿದ್ದ ಫ್ರಾಕ್ ಮುಟ್ಟಿದೆ. ಆಗ ತಾನೇ ಮೈಯಿಂದ ಕಳಚಿದ ಹಾಗೆ ಬೆಚ್ಚಗಿತ್ತು.

ಆಮೇಲೆ ಮೂರು ತಿಂಗಳಿಗೊಮ್ಮೆ, ಪ್ರತಿ ತಪಾಸಣೆಯಲ್ಲೂ ಇದೇ ಆಯಿತು.

“ಹೇಗೋ ಮಂದಿರ ಉಳೀತಲ್ಲ, ಕೆದಕೋಕೆ ಹೋಗ್ಬೇಡಮ್ಮ,” ಎಂದರು ವಾರ್ಡನಮ್ಮ. ಅಕ್ಕತಂಗಿಯರು ಒಂದೇ ಮಂಚದಲ್ಲಿ ಮಲಗುತ್ತಿದ್ದರು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ವರ್ಷ ತುಂಬುವ ಹೊತ್ತಿಗೆ, ಒಂದು ಮಧ್ಯಾಹ್ನ, ರಿಪೇರಿಗೆ ಬಂದ ಬಟ್ಟೆಗಳ ಗಂಟಿನಲ್ಲಿ ಆ ಫ್ರಾಕ್ ಇತ್ತು. ಕಂಕುಳಲ್ಲಿ ಬಿರಿದಿತ್ತು. ಕೆಳಗಿನ ಅಂಚಿನ ಹೊಲಿಗೆಯನ್ನು ಯಾರೋ ಉಗುರಿನಿಂದ ಬಿಚ್ಚಿ, ಇಳಿಸಲು ಬಟ್ಟೆ ಹುಡುಕಿದ್ದರು.

“ಅಕ್ಕಾ,” ಎಂದಿತು ಬೆನ್ನ ಹಿಂದೆ ಅದೇ ದನಿ. “ಎಲ್ರಿಗೂ ಬಟ್ಟೆ ಬಿಟ್ಟಿದೀಯ. ನಂಗೆ ಯಾಕೆ ಬಿಡ್ಲಿಲ್ಲ? ನಾನು ಬೆಳೀತೀನಿ ಅಂತ ನಿಂಗೆ ಅನ್ನಿಸ್ಲೇ ಇಲ್ವಾ?”

ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಭಯವಾಗಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು. ಕುತ್ತಿಗೆಯ ಟೇಪು ತೆಗೆದು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದೆ.

“ಭುಜದಿಂದ ಮೊಣಕಾಲಿನವರೆಗೆ ಹಿಡಿದು ನೋಡು, ಪುಟ್ಟಿ,” ಎಂದೆ.

ಟೇಪು ನನ್ನ ಬೆರಳುಗಳಿಂದ ಜಾರಿ ಹೋಯಿತು.

“ಇಪ್ಪತ್ತೆಂಟು,” ಎಂದಿತು ದನಿ.

ಕಣ್ಣೊರೆಸಿಕೊಂಡು, ಅದಕ್ಕೆ ನಾಲ್ಕು ಬೆರಳು ಸೇರಿಸಿ ಬಟ್ಟೆ ಕತ್ತರಿಸಿದೆ.